ಕೆಳತುಟಿ ಕಳಿಸಿದ ಸುದ್ದಿ

ಮೊದಲು ಜುಮ್ಮಂದಿದ್ದು ಕೆಳತುಟಿ. ಅದೂ ಪೂರ್ತಿ ತುಟಿ ಅಲ್ಲ, ಎಡಗಡೆ ಮೂಲೇಲಿ ಒಂದು ಹುರುಳಿಕಾಳಿನಷ್ಟು ಜಾಗ. ಇಬೋಯ ಅದನ್ನ ಗಮನಿಸಿದ್ಲು, ಗಮನಿಸಿ ಬಿಟ್ಟೂ ಬಿಟ್ಲು. ಯಾಕಂದ್ರೆ ಆ ಹೊತ್ತಲ್ಲಿ ಅವಳ ಎರಡೂ ಕಣ್ಣು ಸೂಕ್ಷ್ಮದರ್ಶಕದ ಒಳಗಿದ್ವು, ಎರಡೂ ಕೈ ತಿರುಪಿನ ಮೇಲಿದ್ವು, ಬಾಯಲ್ಲಿ ನಳಿಕೆ ಇತ್ತು. ತುಟಿಯ ಕ್ಷೇಮ ವಿಚಾರಿಸೋಕೆ ಮೈಯಲ್ಲಿ ಬೇರೆ ಅಂಗ ಖಾಲಿ ಇರ್ಲಿಲ್ಲ.

ಮಂಗಳವಾರ ಮಧ್ಯಾಹ್ನ ಎರಡು ಇಪ್ಪತ್ತು. ದೆಬ್ರೆತ್ಸೆನ್ ಊರಿನ ದೊಡ್ಡ ಕಾಡಿನೊಳಗೆ ಆಸ್ಪತ್ರೆಗಳ ಬೆನ್ನಿಗೆ ಅಂಟಿಕೊಂಡಿರೋ ಹಳೇ ಇಟ್ಟಿಗೆ ಕಟ್ಟಡ, ಮೊದಲ ಮಹಡಿ, ಕಿಟಕಿ ಇಲ್ಲದ ಕೋಣೆ. ಬೆಳಿಗ್ಗೆ ಮರಗಳ ಆಚೆ ಯಾರದೋ ತಲೆ ತೆರೆದು, ಆಳದಲ್ಲಿದ್ದ ಗೆಡ್ಡೆಗೆ ದಾರಿ ಮಾಡ್ಕೊಳ್ಳೋಕೆ ಅಂತ ಮೇಲಿಂದ ಸಕ್ಕರೆ ಅಚ್ಚಿನಷ್ಟು ಮಿದುಳು ತೆಗೆದಿದ್ರು. ಕಸಕ್ಕೆ ಹೋಗಬೇಕಾದ್ದು, ಆ ಮನುಷ್ಯನ ಒಪ್ಪಿಗೆ ಮೇಲೆ ಇಲ್ಲಿಗೆ ಬಂತು. ಯಾರು, ಗಂಡೋ ಹೆಣ್ಣೋ, ಇಲ್ಲಿ ಯಾರೂ ಕೇಳೋ ಹಾಗಿಲ್ಲ. ತೆಳ್ಳಗೆ ಹೆಚ್ಚಿ, ಉಪ್ಪುನೀರಲ್ಲಿ ಗುಳುಗುಳು ಗಾಳಿ ಆಡಿಸ್ತಾ ಇಟ್ರೆ ಆ ತುಂಡು ಸಂಜೆ ತನಕ ಬದುಕಿರುತ್ತೆ. ಯಜಮಾನ ಇಲ್ಲದೆ ನಡೆಯೋ ಅಂಗಡಿ ಹಾಗೆ.

ಇಬೋಯಂಗೆ ಮೂವತ್ತೆಂಟು ವರ್ಷ. ಅದರಲ್ಲಿ ಹದಿನಾಲ್ಕು ವರ್ಷ ಒಂದೇ ಪ್ರಶ್ನೆಗೆ ಹೋಗಿದೆ. ನರಕೋಶ ಅನ್ನೋದು ಒಂದು ಮರ. ಕೆಳಗೆ ದಪ್ಪ ಒಡಲು, ಮೇಲಕ್ಕೆ ಹರಡಿದ ರೆಂಬೆಗಳು. ಡೆಂಡ್ರೈಟು ಅಂತಾರಲ್ಲ, ಅದೇ. ಸುದ್ದಿ ಬಂದು ಬೀಳೋದು ರೆಂಬೆ ತುದೀಲಿ, ತೀರ್ಮಾನ ಆಗೋದು ಒಡಲಲ್ಲಿ. ಮನುಷ್ಯನ ಕೋಶದ ರೆಂಬೆ ಇಲಿಯದಕ್ಕಿಂತ ಎಷ್ಟೋ ಉದ್ದ. ಅಷ್ಟು ದೂರದ ತುದಿಗೆ ಬಿದ್ದ ಸುದ್ದಿ ಒಡಲು ಮುಟ್ಟೋ ಹೊತ್ತಿಗೆ, ಗಡಿ ಹಳ್ಳಿಯಿಂದ ರಾಜಧಾನಿ ಬುಡಾಪೆಸ್ಟಿಗೆ ಹೊರಟ ಅರ್ಜಿ ಹಾಗೆ, ಮೇಜಿಂದ ಮೇಜಿಗೆ ಸವೆದು ಸೊರಗಿ ಬರೀ ಮೊಹರು ಉಳಿದಿರುತ್ತೆ. ಹಾಗಾದ್ರೆ ದೂರದವರ ಮಾತು ಒಡಲಿಗೆ ಕೇಳೋದಾದ್ರೂ ಹೇಗೆ? ಒಂದು ಪಂಗಡ ಹೇಳುತ್ತೆ, ಬರೀ ಕೂಡಿಕೆ, ಪಿಸುಮಾತುಗಳೆಲ್ಲ ಒಟ್ಟು ಸೇರುತ್ವೆ ಅಷ್ಟೆ. ಇಬೋಯ ಹೇಳ್ತಾಳೆ, ಇಲ್ಲ, ಒಂದೇ ರೆಂಬೆಗೆ ಒಂದೇ ಗಳಿಗೇಲಿ ಹತ್ತು ಪಿಸುಮಾತು ಬಿದ್ರೆ ರೆಂಬೆನೇ ಕೂಗಿಬಿಡುತ್ತೆ, ಕಿಡಿ ಹಾರಿಸುತ್ತೆ. ಆ ಕಿಡಿ ಒಡಲು ಮುಟ್ಟುತ್ತೆ.

ಇದನ್ನ ತೋರಿಸೋಕೆ ಕೂದಲಿಗಿಂತ ತೆಳ್ಳನೆ ಮೂರು ಗಾಜಿನ ಸೂಜಿ ಬೇಕು. ಒಂದು ಒಡಲಿಗೆ, ಒಂದು ದೂರದ ರೆಂಬೆಗೆ. ಮೂರನೇದು ರೆಂಬೆ ಪಕ್ಕದಲ್ಲಿ ಸುಮ್ನೆ ನಿಂತಿರುತ್ತೆ, ಅದರೊಳಗೆ ವಿಷ. ಊದಿಕೊಳ್ಳೋ ಜಾತಿಯ ಕಡಲ ಮೀನಿನ ವಿಷ. ರೆಂಬೆ ಮೇಲೆ ಒಂದೇ ಒಂದು ಉಸಿರಷ್ಟು ಊದಿದ್ರೆ ರೆಂಬೆಯ ಕಿಡಿ ಆರುತ್ತೆ. ಕಿಡಿ ಆರಿದ ಮೇಲೆ ಒಡಲಿಗೆ ಸುದ್ದಿ ಮುಟ್ಟದೇ ಹೋದ್ರೆ ಇಬೋಯ ಗೆದ್ದ ಹಾಗೆ. ಎರಡು ವರ್ಷದಲ್ಲಿ ಹದಿನೇಳು ತುಂಡು ಕೈತಪ್ಪಿ ಹೋಗಿದ್ವು. ಇವತ್ತು ಮೂರೂ ಸೂಜಿ ಕೂತಿದ್ವು. ಈಗಷ್ಟೇ ವಿಷ ಊದಿದ್ಲು. ಪರದೆ ಮೇಲೆ ದೂರದ ಕಿಡಿ ಪಕ್ಕನೆ ನಂದಿತ್ತು, ಒಡಲಿಗೆ ಸುದ್ದಿ ಮುಟ್ಟಿರ್ಲಿಲ್ಲ.

ಖುಷಿಯಿಂದ ಕುಣೀಬೇಕು. ಆದ್ರೆ ಇಲ್ಲಿ ಕುಣಿದ್ರೆ ಕೋಶ ಸಾಯುತ್ತೆ. ಅದಕ್ಕೇ ತುಟಿ ಕಚ್ಚಿಕೊಂಡ್ಲು. ಕಚ್ಚಿದ್ದು ಗೊತ್ತಾಗ್ಲಿಲ್ಲ.

ಇನ್ನೊಂದ್ಸಲ ಕಚ್ಚಿದ್ಲು. ಯಾರದೋ ತುಟಿ ಕಚ್ಚಿದ ಹಾಗಿತ್ತು.

ಮಧ್ಯಾಹ್ನದ ಮೀನು ಸಾರು ಅಂತ ಸಮಾಧಾನ ಹೇಳ್ಕೊಂಡ್ಲು. ಮಂಗಳವಾರ ಕ್ಯಾಂಟೀನಲ್ಲಿ ಮೀನು ಸಾರು, ಅದಕ್ಕೆ ಅಡುಗೆಯವಳು ಸೇಡಿದ್ದವಳ ಹಾಗೆ ಪಾಪ್ರಿಕಾ ಖಾರದ ಪುಡಿ ಸುರೀತಾಳೆ. ತುಟಿ ಉರಿದು ಮರಗಟ್ಟಿರ್ಬೇಕು. ಮೀನಿನ ಸಾರು ಅನ್ಕೊಂಡ ಕೂಡ್ಲೆ ಮೀನಿನ ಇನ್ನೊಂದು ಸಾರ ನೆನಪಾಯ್ತು.

ಕಣ್ಣು ಮೊದಲ ಸಲ ಸೂಕ್ಷ್ಮದರ್ಶಕ, ಪರದೆ ಎರಡನ್ನೂ ಬಿಟ್ಟು ಆಚೆ ಬಂತು. ಕೊಕ್ಕೆಗೆ ನೇತು ಹಾಕಿದ್ದ ನಳಿಕೆ ನೋಡಿದ್ಲು.

ಈ ಕಸುಬಲ್ಲಿ ಸೂಜಿಗೆ ಒತ್ತಡ ಕೊಡೋದು ಬಾಯಿಂದ. ಕೋಶದ ಚರ್ಮ ಹಿಡಿಯೋಕೆ ಬೇಕಾದ ಹೀರುವಿಕೆ ಮುತ್ತು ಕೊಡೋದಕ್ಕಿಂತ ಮೆತ್ತಗಿರ್ಬೇಕು, ಅಷ್ಟು ನಾಜೂಕು ಯಾವ ಯಂತ್ರಕ್ಕೂ ಬರಲ್ಲ. ಸೂಜಿಯಿಂದ ಒಂದು ರಬ್ಬರ್ ನಳಿಕೆ, ಅದರ ತುದೀಲಿ ಕಚ್ಚಿಕೊಳ್ಳೋಕೆ ಒಂದು ಪ್ಲಾಸ್ಟಿಕ್ ಮೂತಿ. ಒಬ್ಬೊಬ್ಬರಿಗೂ ಅವರದೇ ಬಣ್ಣದ ಮೂತಿ. ಇಬೋಯಂದು ಹಳದಿ. ವಿಷದ ಸೂಜಿಗೆ ಮಾತ್ರ ಊದೋ ಯಂತ್ರ ಇತ್ತು, ಅದು ಹೋದ ವಾರ ಕೆಟ್ಟು ದುರಸ್ತಿಗೆ ಹೋಗಿದೆ. ಹಾಗಾಗಿ ಇವತ್ತು ವಿಷಕ್ಕೂ ಒಂದು ನಳಿಕೆ, ನೀಲಿ ಮೂತಿ. ನಿಯಮ ಸರಳ. ನೀಲಿಯನ್ನ ಬರೀ ಊದಬೇಕು. ಹಳದಿಯನ್ನ ಊದಬಹುದು, ಹೀರಬಹುದು.

ವಿಷ ಊದಿದ ಮೇಲೆ ಒಡಲಿನ ಸೂಜಿ ಸ್ವಲ್ಪ ಸಡಿಲ ಆಯ್ತು ಅಂತ ಅವಳು ಪರದೆಯಿಂದ ಕಣ್ಣು ಕೀಳದೆ ನಳಿಕೆ ಎಳಕೊಂಡು ಮೆಲ್ಲಗೆ ಹೀರಿದ್ಲು. ಅದು ನೆನಪಿದೆ. ಯಾವ ನಳಿಕೆ ಅನ್ನೋದು ನೆನಪಿಲ್ಲ.

ಈಗ ಬಾಯಲ್ಲಿರೋದು ಹಳದಿ. ಕೊಕ್ಕೆಯಲ್ಲಿರೋದು ನೀಲಿ. ಎರಡರ ಮೂತೀನೂ ಒದ್ದೆ. ಎರಡಕ್ಕೂ ಬಾಯಿ ಹಾಕಿದ್ದಳಲ್ಲ, ಒದ್ದೆ ಇರದೆ ಇನ್ನೇನು.

ಎದೆ ಒಂದು ಮೆಟ್ಟಿಲು ತಪ್ಪಿದ ಹಾಗಾಯ್ತು. ತಕ್ಷಣ ಲೆಕ್ಕ ಹಾಕಿದ್ಲು. ಸೂಜಿ ಒಳಗಿರೋದು ಸಾವಿರ ಪಾಲು ತೆಳು ಮಾಡಿದ ವಿಷ, ಅದೂ ಒಂದು ತೊಟ್ಟಲ್ಲಿ ಅರ್ಧದ ಅರ್ಧ. ಅಷ್ಟು ಒಂದು ಬೆಕ್ಕಿಗೂ ಸಾಲಲ್ಲ. ಉಸಿರು ಬಿಟ್ಲು. ಆಮೇಲೆ ಇನ್ನೊಂದು ಯೋಚನೆ ಬಂತು. ತೆಳು ಮಾಡಿದ್ದು ಯಾರು?

ತಿಹಾಮೇರ್. ಹನ್ನೊಂದು ವರ್ಷದಿಂದ ಇಲ್ಲಿ ದ್ರಾವಣ ಬೆರೆಸೋನು. ಅಳತೇಲಿ ತೊಟ್ಟು ಆಚೀಚೆ ಆಗದ ಆಸಾಮಿ. ಆದ್ರೆ ಇವತ್ತು ಬೆಳಿಗ್ಗೆಯಿಂದ ಅವನಿಗೆ ದವಡೆ ಹಲ್ಲು ನೋವು. ಕೆನ್ನೆ ಹಿಡಕೊಂಡು ಓಡಾಡ್ತಿದ್ದ, ಕರೆದ್ರೆ ಎರಡನೇ ಸಲಕ್ಕೆ ಓಗೊಡ್ತಿದ್ದ. ಎರಡಕ್ಕೆ ಹದಿನೈದು ನಿಮಿಷ ಇದೆ ಅನ್ನೋವಾಗ ನಳಿಕೆ ಎಲ್ಲ ಒಂದ್ಸಲ ನೋಡಿ, "ಇನ್ನು ನೀನುಂಟು ನಿನ್ನ ಕೋಶ ಉಂಟು, ನಾನು ಹಲ್ಲು ಕೀಳೋ ರಾಕ್ಷಸನ ಹತ್ರ ಹೋಗಿ ಬರ್ತೀನಿ" ಅಂತ ಹೊರಟು ಹೋಗಿದ್ದ.

ಪಕ್ಕದ ಮಂಜುಗಡ್ಡೆ ಡಬ್ಬಿ ನೋಡಿದ್ಲು. ಮೂಲ ವಿಷದ ಪುಟ್ಟ ಶೀಶೆ ಅದರಲ್ಲಿ ನೆಟ್ಟಗೆ ನಿಂತಿತ್ತು. ಮುಚ್ಚಳ ತೆಗೆದಿತ್ತು. ಖಾಲಿ.

ಖಾಲಿ ಯಾಕೆ? ತೆಳು ಮಾಡೋಕೆ ಅದರಿಂದ ಒಂದು ತೊಟ್ಟು ಸಾಕು. ಉಳಿದದ್ದು ಎಲ್ಲಿ ಹೋಯ್ತು? ನೋವಿನ ಅಮಲಲ್ಲಿ ಮೂಲವನ್ನೇ ಸೂಜಿಗೆ ತುಂಬಿದ್ನಾ? ನಳಿಕೆಗೂ ನುಗ್ಗಿತಾ?

ಫೋನ್ ತೆಗೆದು ತಿಹಾಮೇರ್‌ಗೆ ಮಾಡಿದ್ಲು. ಸ್ವಿಚ್ ಆಫ್. ಬಾಯಿ ಅಗಲಿಸಿ ಕೂತವನಿಗೆ ಫೋನ್ ಯಾಕೆ.

ಇಷ್ಟೆಲ್ಲ ಆಗ್ತಿದ್ರೂ ಅವಳು ಕುರ್ಚಿಯಿಂದ ಎದ್ದಿರ್ಲಿಲ್ಲ. ಇಲ್ಲೇ ಇರೋದು ಈ ಕಸುಬಿನ ಹುಚ್ಚು. ಹಿಡಿದ ಕೋಶ ಕೈಲಿರೋ ತನಕ ಬಾಗಿಲ ಮೇಲೆ ಕೆಂಪು ದೀಪ ಉರೀತಿರುತ್ತೆ. ದೀಪ ಉರಿದ್ರೆ ಆ ಬಾಗಿಲು ಯಾರೂ ತೆಗೆಯೋ ಹಾಗಿಲ್ಲ, ತಟ್ಟೋ ಹಾಗಿಲ್ಲ, ಆ ಓಣೀಲಿ ಹಿಮ್ಮಡಿ ಊರಿ ನಡೆಯೋ ಹಾಗಿಲ್ಲ. ಪಕ್ಕದ ಶೌಚಾಲಯದಲ್ಲಿ ನೀರು ಬಿಡೋದೂ ನಿಷಿದ್ಧ, ಕೊಳವೆ ಅದುರಿದ್ರೆ ಸೂಜಿ ಅದುರುತ್ತೆ. ಆರೂವರೆ ಗಂಟೆ ದೀಪ ಉರಿಸಿ ಕೂತೋರಿದ್ದಾರೆ, ಅವರಿಗೆ ಇಲ್ಲಿ ಸಂತರ ಮರ್ಯಾದೆ.

ಸೆಪ್ಟೆಂಬರಲ್ಲಿ ಹೊಸಬರು ಬಂದಾಗ ಈ ವಿಷದ ಪಾಠ ಮಾಡೋದು ಇಬೋಯನೇ. ಮೊದಲು ತುಟಿ ಜುಮ್ಮನ್ನುತ್ತೆ. ಆಮೇಲೆ ನಾಲಗೆ, ಬೆರಳ ತುದಿ. ಆಮೇಲೆ ಕಾಲು ಬೀಳುತ್ತೆ, ಕೈ ಬೀಳುತ್ತೆ, ಮಾತು ಬೀಳುತ್ತೆ. ಕೊನೆಗೆ ಎದೆ ಏಳೋದನ್ನ ಮರೆಯುತ್ತೆ. ಮದ್ದಿಲ್ಲ, ವಿಷ ಇಳಿಯೋ ತನಕ ಬೇರೆಯವರು ಉಸಿರಾಡಿಸ್ತಿರ್ಬೇಕು ಅಷ್ಟೆ. "ಈ ವಿಷ ಮಿದುಳಿಗೆ ಹೋಗಲ್ಲ," ಅಂತ ಅವಳು ಪ್ರತಿ ವರ್ಷ ಹೇಳ್ತಾಳೆ, "ಆದ್ದರಿಂದ ಮನುಷ್ಯನಿಗೆ ಕೊನೇ ತನಕ ಪೂರ್ತಿ ಎಚ್ಚರ ಇರುತ್ತೆ." ಹೊಸಬರ ಮುಖ ಬಿಳಚಿಕೊಳ್ಳೋದು ನೋಡೋಕೆ ಅವಳಿಗೆ ಇಷ್ಟ ಇತ್ತು. ಈಗ ಆ ಪಾಠ ಕೇಳಿಸ್ಕೊಳ್ತಾ ಕೂತವಳು ಅವಳೊಬ್ಬಳೇ.

ತಾನು ಈ ಕುರ್ಚೀಲೇ ಕಣ್ಣು ಬಿಟ್ಕೊಂಡು ಜಾರ್ತೀನಿ. ಕೂಗೋಕೆ ಆಗಲ್ಲ. ಬಾಗಿಲ ಆಚೆ ಜನ ಓಡಾಡೋದು ಕೇಳುತ್ತೆ. ಕೆಂಪು ದೀಪ ನೋಡಿ ಎಲ್ರೂ ತುದಿಗಾಲಲ್ಲಿ, ಉಸಿರು ಬಿಗಿ ಹಿಡಿದು, ಬಹಳ ಗೌರವದಿಂದ ದಾಟಿ ಹೋಗ್ತಾರೆ. ಸಂಜೆ ಆದಷ್ಟೂ ಗೌರವ ಜಾಸ್ತಿ ಆಗುತ್ತೆ.

ನಾಲಗೆ ತುದಿಯನ್ನ ಹಲ್ಲಿಗೆ ಉಜ್ಜಿದ್ಲು. ಅರ್ಧ ಗೊತ್ತಾಯ್ತು, ಅರ್ಧ ಗೊತ್ತಾಗ್ಲಿಲ್ಲ.

ಎರಡು ಮೂವತ್ತೊಂದು. ಪಕ್ಕದ ಕೋಣೆಗೆ ಫೋನ್ ಮಾಡಿದ್ಲು. ಅಲ್ಲಿ ಇಡೀ ವಿಭಾಗದ ಹಿರಿಯ, ಅರವತ್ಮೂರು ವರ್ಷದ ಲೋರಾಂತ್. ಎಲ್ರಿಗೂ ಲೋರಾಂತ್ ಬಾಚಿ, ಅಂದ್ರೆ ದೊಡ್ಡಪ್ಪ ಇದ್ದ ಹಾಗೆ. ಕೆಂಪು ದೀಪದ ಕಾನೂನು ಬರೆದೋರೂ ಅವರೇ.

"ಇಬಿ, ದೀಪ ಹತ್ತಿದೆ ಕಣೆ," ಬಾಚಿ ಪಿಸುಗುಟ್ಟಿದ್ರು.

"ಬಾಚಿ, ನಂಗೆ..."

"ಗೊತ್ತು, ಗೊತ್ತು. ಮೂರೂ ಕೂತಿದ್ದಾವೆ ತಾನೆ? ನಿನ್ನ ಉಸಿರಲ್ಲೇ ಗೊತ್ತಾಗ್ತಿದೆ. ಮಾತಾಡ್ಬೇಡ, ಮೇಜು ಅಲ್ಲಾಡುತ್ತೆ."

"ಅದಲ್ಲ, ನನ್ನ ತುಟಿ..."

"ತುಟಿ ಹೊಲ್ಕೊಂಡು ಕೂತ್ಕೋ ಮರಿ. ಸಂಜೆ ಹೇಳುವಂತೆ. ನಿನ್ನ ಕೋಶಕ್ಕೋಸ್ಕರ ನಾನು ಬೂಟು ಬಿಚ್ಚಿಟ್ಟು ಕೂತಿದೀನಿ."

ಇಟ್ಟುಬಿಟ್ರು.

ಇಬೋಯ ಕೈಲಿ ಫೋನ್ ಹಿಡಕೊಂಡು ಪರದೆ ನೋಡಿದ್ಲು. ಕೋಶ ಗಟ್ಟಿಮುಟ್ಟಾಗಿತ್ತು. ಅದಕ್ಕೇನು, ತುತ್ತು ಅನ್ನೋ ಚಿಂತೆ ಇಲ್ಲ, ತುಟಿ ಅನ್ನೋ ಚಿಂತೆ ಇಲ್ಲ. ವಿಷ ತೊಳೆದು ಹೋಗಿ ದೂರದ ಕಿಡಿ ಮತ್ತೆ ಹಾರೋಕೆ ಶುರು ಆಗಿತ್ತು. ಅದು ವಾಪಸ್ ಬರುತ್ತೆ ಅಂತ ತೋರಿಸಿದ್ರೆ ಪ್ರಯೋಗ ಪೂರ್ತಿ. ಇನ್ನು ಆರು ನಿಮಿಷ. ಆರೇ ಆರು ನಿಮಿಷ ಅಳೆದು ಎದ್ದು ಹೋಗ್ತೀನಿ ಅಂತ ಅವಳು ನಿಜವಾಗ್ಲೂ ಅನ್ಕೊಂಡ್ಲು. ಹಾಗೆ ಅನ್ಕೊಂಡವಳ ಮೇಲೆ ಅವಳಿಗೇ ಹೆದರಿಕೆ ಆಯ್ತು. ಆದ್ರೂ ಹಳದಿ ಮೂತಿ ಮತ್ತೆ ಬಾಯಿಗಿಟ್ಕೊಂಡು ಕೂತ್ಲು.

ಒಂದೊಂದಕ್ಕೂ ಒಂದೊಂದು ನೆಪ ಸಿಕ್ತು. ತುಟಿಗೆ ಪಾಪ್ರಿಕಾ. ನಾಲಗೆಗೂ ಅದೇ. ಶೀಶೆ ಖಾಲಿ ಇದ್ರೆ ತಿಹಾಮೇರ್ ತೊಳೆದಿಟ್ಟಿರ್ಬೇಕು. ಒಂದೊಂದೇ ಬಂದಾಗ ಒಂದೊಂದನ್ನೂ ವಿಚಾರಿಸಿ, ಮೊಹರು ಒತ್ತಿ, ಪಕ್ಕಕ್ಕಿಟ್ಲು.

ನಾಲ್ಕನೇ ನಿಮಿಷದಲ್ಲಿ ಬೆರಳ ತುದಿಗಳು ಜುಮ್ಮಂದ್ವು. ಹತ್ತಕ್ಕೆ ಹತ್ತೂ. ತಿರುಪು ಹಿಡಿದಿದ್ದು ಹತ್ತಿ ಹಿಡಿದ ಹಾಗಿತ್ತು. ಅದಕ್ಕೆ ನೆಪ ಹುಡುಕ್ತಿದ್ದಾಗಲೇ ಮೇಜಿನ ಮೇಲೆ ಟಕ್ ಅಂತ ಏನೋ ಬಿತ್ತು. ನೋಡಿದ್ರೆ ಹಳದಿ ಮೂತಿ. ಅವಳ ತುಟಿಗಳ ನಡುವೆ ಇದ್ದದ್ದು ಜಾರಿ ಬಿದ್ದಿತ್ತು, ಬಿದ್ದದ್ದು ಕಿವಿಗೆ ಗೊತ್ತಾಯ್ತೇ ಹೊರತು ಬಾಯಿಗೆ ಗೊತ್ತಾಗ್ಲಿಲ್ಲ.

ಎಲ್ಲ ನೆಪಗಳೂ ಒಟ್ಟಿಗೆ ಬಿದ್ದು ಹೋದ್ವು. ತುಟಿ, ನಾಲಗೆ, ಶೀಶೆ, ಬೆರಳು, ಒದ್ದೆ ನೀಲಿ ಮೂತಿ, ಎಲ್ಲ ಒಂದೇ ಗಳಿಗೇಲಿ ಒಂದೇ ಕಡೆಯಿಂದ ಕೂಗಿದ್ವು. ಮೈಯೊಳಗೆ ಏನೋ ಚಟ್ ಅಂತು. ಅವಳು ಎದ್ದಿದ್ಲು. ಎದ್ದದ್ದು ತೀರ್ಮಾನ ಮಾಡಿ ಅಲ್ಲ. ಎದ್ದ ಮೇಲೆ ಎದ್ದಿದೀನಿ ಅಂತ ಗೊತ್ತಾಯ್ತು.

ಹದಿನಾಲ್ಕು ವರ್ಷದ ಅಭ್ಯಾಸ ನೋಡಿ, ಆಗ್ಲೂ ಕುರ್ಚಿ ಸದ್ದು ಮಾಡ್ಲಿಲ್ಲ. ಮೇಜಿಗೆ ಸೊಂಟ ತಾಗದ ಹಾಗೆ ಪಕ್ಕಕ್ಕೆ ಸರಿದು, ಬಾಗಿಲನ್ನ ಒಂದು ಅಂಗೈ ಅಗಲ ತೆಗೆದು, ಹೊಟ್ಟೆ ಒಳಗೆಳಕೊಂಡು ಆಚೆ ಬಂದ್ಲು. ಕಾಲು ಯಾರದೋ ಕಾಲಿನ ಹಾಗಿತ್ತು. ಓಣೀಲಿ ನೆಲ ಒರೆಸ್ತಿದ್ದ ಹೆಂಗಸು ಅವಳನ್ನ ನೋಡಿ, ಕೆಂಪು ದೀಪ ನೋಡಿ, ತುಟಿ ಮೇಲೆ ಬೆರಳಿಟ್ಟು "ಶ್" ಅಂದ್ಲು.

ಲೋರಾಂತ್ ಬಾಚಿ ಕಾಲುಚೀಲದಲ್ಲೇ ತಮ್ಮ ಬಾಗಿಲಿಗೆ ಬಂದ್ರು.

"ನೀಲಿ ನಳಿಕೆ ಹೀರಿಬಿಟ್ಟೆ ಅನ್ಸುತ್ತೆ ಬಾಚಿ," ಇಬೋಯ ಹೇಳಿದ್ಲು. ಮಾತು ಒಂಚೂರು ತೊದಲ್ತು. "ಮೂಲದ ಶೀಶೆ ಖಾಲಿ ಇದೆ. ನಂಗೆ ತುಟಿ ಇಲ್ಲ."

"ಕೋಶ ಇದೆಯಾ?"

ಕೇಳಿದ್ದು ಬಾಚಿ ಬಾಯಿ. ಕೇಳಿ ಮುಗಿಯೋದ್ರೊಳಗೆ ಬಾಚಿ ಮುಖಕ್ಕೆ ತಾನೇನು ಕೇಳಿದೆ ಅಂತ ಗೊತ್ತಾಯ್ತು. ಆ ಮುಖ ಬಣ್ಣ ಕಳಕೊಂಡ ರೀತಿ ನೋಡಿ ಇಬೋಯಂಗೆ ಮೊದಲ ಸಲ ತಾನು ಸಾಯಬಹುದು ಅನ್ನೋದು ಖಾತ್ರಿ ಆಯ್ತು.

ಮುದುಕ ಒಂದು ಕ್ಷಣ ನಿಲ್ಲಲಿಲ್ಲ. ಕೆಂಪು ದೀಪದ ಬಾಗಿಲನ್ನ ಭುಜದಿಂದ ಗುದ್ದಿ ಒಳಗೆ ನುಗ್ಗಿದ್ರು. ಡಾಕ್ಟರಿಗೆ ತೋರಿಸೋಕೆ ಶೀಶೆ ಬೇಕಲ್ಲ, ಅದಕ್ಕೆ ಕೈ ಚಾಚಿದಾಗ ಮೊಣಕಾಲು ಮೇಜಿಗೆ ಬಡೀತು. ಕೋಶದ ಸದ್ದು ಕೇಳಿಸೋ ಪೆಟ್ಟಿಗೆ ಒಂದು ಸಲ ಕಿರ್ರ್ ಅಂದು ಸುಮ್ಮನಾಯ್ತು. ಹದಿನೆಂಟನೇದೂ ಹೋಯ್ತು. ಅವರು ತಿರುಗಿ ನೋಡ್ಲಿಲ್ಲ. ವಾಪಸ್ ಬರ್ತಾ ಚಕ್ರದ ಕುರ್ಚಿಯನ್ನೂ ಎಳಕೊಂಡು ಬಂದ್ರು, ಅವಳು ಕೂತಿದ್ದ ಕುರ್ಚೀನೇ.

"ಕೂತ್ಕೋ. ಆಂಬುಲೆನ್ಸ್ ಬರೋಷ್ಟರಲ್ಲಿ ನಾನೇ ತಲುಪಿಸ್ತೀನಿ."

ಲಿಫ್ಟಲ್ಲಿ ಇಳಿಸಿ, ಕಾಡಿನ ಕಾಲುದಾರಿಗೆ ಬಿದ್ರು. ಬೆಳಿಗ್ಗೆ ಆ ತುಂಡು ಬಂದ ದಾರಿ ಅದು, ಈಗ ತಲೆ ಪೂರ್ತಿ ಇರೋಳೊಬ್ಬಳು ವಾಪಸ್ ಹೋಗ್ತಿದ್ಲು. ನವೆಂಬರಿನ ಓಕ್ ಎಲೆ ಹಿಮ್ಮಡಿ ಮುಚ್ಚೋ ಹಾಗೆ ಬಿದ್ದಿತ್ತು, ಪುಟ್ಟ ಚಕ್ರಕ್ಕೆ ಸಿಕ್ಕಿ ಸಿಕ್ಕಿ ಕುರ್ಚಿ ಕುಂಟ್ತಿತ್ತು. ಬಾಚಿ ಕಾಲುಚೀಲ ಎರಡೇ ನಿಮಿಷಕ್ಕೆ ಒದ್ದೆ.

"ಮಾತಾಡ್ತಾ ಇರು," ಅಂದ್ರು ಹಿಂದಿನಿಂದ, ಏದುಸಿರಲ್ಲಿ. "ನಿಲ್ಲಿಸ್ಬೇಡ. ಏನಾದ್ರೂ ಹೇಳು."

"ಏನು ಹೇಳ್ಲಿ?"

"ನನ್ನ ಬೈಯಿ."

"ಬಾಚಿ, ನಂಗೆ ಭಯ ಆಗ್ತಿದೆ."

"ಅದನ್ನೇ ಹೇಳು. ಜೋರಾಗಿ ಹೇಳು."

ಅವಳು ಅದನ್ನೇ ಹೇಳಿದ್ಲು. ನಾನೂರು ಮೀಟರ್ ಉದ್ದಕ್ಕೂ ಅದೊಂದೇ ವಾಕ್ಯ, ತೊದಲ್ತಾ, ಜೋರಾಗಿ. ಪ್ರತಿ ಸಲ ಹೇಳಿದಾಗ್ಲೂ ಮುಂದಿನ ಸಲಕ್ಕೆ ಬಾಯಿ ಏಳುತ್ತೋ ಇಲ್ವೋ ಅಂತ ಪರೀಕ್ಷೆ ಮಾಡಿದ ಹಾಗಿತ್ತು. ನಾಯಿ ಕರಕೊಂಡು ಹೋಗ್ತಿದ್ದ ದಂಪತಿ ದಾರಿ ಬಿಟ್ಟು ಮರದ ಹಿಂದೆ ಸರಿದು ನಿಂತ್ರು.

ತುರ್ತು ವಿಭಾಗದ ಡಾಕ್ಟರ್ ಕಿಂಚೊ ಸಣ್ಣ ಆಕೃತಿ, ದೊಡ್ಡ ಕನ್ನಡಕ. ಶೀಶೆ ಮೇಲಿದ್ದ ಚೀಟಿ ಓದಿ ಇಬೋಯನ್ನ ನೋಡಿದ್ಲು.

"ಎಷ್ಟು?"

"ಗೊತ್ತಿಲ್ಲ."

"ಯಾವಾಗ?"

"ಎರಡೂ ಹದಿನೈದು ಇರ್ಬಹುದು."

"ಈಗ ಮೂರಾಗ್ತಾ ಬಂತು. ಮುಕ್ಕಾಲು ಗಂಟೆ ಏನ್ಮಾಡ್ತಿದ್ರಿ?"

ಬಾಚಿ ತಮ್ಮ ಒದ್ದೆ ಕಾಲುಚೀಲ ನೋಡ್ಕೊಂಡ್ರು.

ಕೈ ಎತ್ತಿ ಅಂದ್ರು, ಎತ್ತಿದ್ಲು. ಕೆನ್ನೆ ಉಬ್ಬಿಸಿ ಅಂದ್ರು, ಎಡಗಡೆಯಿಂದ ಗಾಳಿ ಸೋರ್ತು. ಬೆರಳಿಗೆ ಕ್ಲಿಪ್ಪು, ಎದೆಗೆ ತಂತಿ, ಒಂದು ಕೊಳವೆಗೆ ಊದಿ ಅಂದ್ರು. ಕೊಳವೆ ಬಾಯಿಗೆ ಬಂದಾಗ ಇಬೋಯ ಮುಖ ತಿರುಗಿಸಿಬಿಟ್ಲು. ಬೆವರು ಹರೀತು. "ಇದ್ರಲ್ಲಿ ಏನೂ ಇಲ್ಲ, ಬರೀ ಗಾಳಿ," ಅಂತ ಕಿಂಚೊ ತಾನೇ ಒಂದ್ಸಲ ಬೇರೆ ಮೂತಿ ಹಾಕಿ ಊದಿ ತೋರಿಸಿದ ಮೇಲೆ ಊದಿದ್ಲು. ಪಕ್ಕಕ್ಕೆ ಉಸಿರಾಟದ ಯಂತ್ರ ತಂದು ನಿಲ್ಲಿಸಿದ್ರು, ಬೇಕಾದ್ರೆ ಇರ್ಲಿ ಅಂತ. ಅದನ್ನ ನೋಡಿದ ಮೇಲೆ ಬೆರಳುಗಳು ಇನ್ನೂ ಜುಮ್ಮಂದ್ವು.

ಮೂರೂ ನಲವತ್ತಕ್ಕೆ ತಿಹಾಮೇರ್ ಓಡಿ ಬಂದ. ಬಾಚಿ ಕಳಿಸಿದ ಒಂಬತ್ತು ಸಂದೇಶ ಫೋನ್ ಹಚ್ಚಿದ ಕೂಡ್ಲೆ ಒಟ್ಟಿಗೆ ಬಂದಿದ್ವಂತೆ. ಒಂದು ಕೆನ್ನೆ ಊದಿತ್ತು, ಬಾಯಿಯ ಬಲಭಾಗ ಜೋತು ಬಿದ್ದಿತ್ತು.

"ಎಬಿ, ಎಮಾಯ್ತು?" ಅಂದ.

ಇಬೋಯ ಹಾಸಿಗೆ ಮೇಲೆ ಎದ್ದು ಕೂತ್ಲು. "ಅಯ್ಯೋ, ಇವ್ನೂ ಹೀರಿದಾನೆ."

"ನಾನ್ ಹೀರಿಲ್ಲ, ಹಲ್ ಕಿಥ್ಥ. ಸೂಜಿ ಹಾಕಿದಾನೆ, ಬಾಯಿ ಸತ್ತಿದೆ."

"ಶೀಶೆ ಯಾಕೆ ಖಾಲಿ ಇತ್ತು?" ಬಾಚಿ ಅವನ ತೋಳು ಹಿಡಿದ್ರು.

"ಅದ್ರಲ್ಲಿ ಇದ್ದದ್ದೇ ಒಂದು ತೊಟ್ಟು. ಕೊನೇ ತೊಟ್ಟು. ಪೂರ್ತಿ ತೆಗೆದು ತೆಳು ಮಾಡ್ದೆ. ಪುಸ್ತಕದಲ್ಲಿ ಬರೆದಿದೀನಿ, ನೋಡ್ಲಿಲ್ವಾ?"

ಯಾರೂ ನೋಡಿರ್ಲಿಲ್ಲ. ಡಾಕ್ಟರ್ ಕಿಂಚೊ ಮಾತ್ರ ಅವನ ಊದಿದ ಕೆನ್ನೆಯನ್ನೇ ನೋಡ್ತಿದ್ಲು.

"ಹಲ್ಲು ನೋವಿಗೆ ಬೆಳಿಗ್ಗೆಯಿಂದ ಏನು ಹಚ್ಕೊಳ್ತಿದ್ರಿ?"

"ಮರಗಟ್ಟಿಸೋ ಮುಲಾಮು. ಲವಂಗದ ವಾಸನೇದು. ಗಂಟೆಗೆ ಎರಡು ಸಲ ಒಸಡಿಗೆ ಬಳೀತಿದ್ದೆ."

"ಇವರ ನಳಿಕೆ ನಿಮ್ಮ ಬಾಯಿಗೇನಾದ್ರೂ ಹೋಗಿತ್ತಾ?"

ತಿಹಾಮೇರ್ ಉತ್ತರ ಕೊಡೋಕೆ ತುಂಬ ಹೊತ್ತು ತಗೊಂಡ. ಅವನ ಬಾಯಿ ಅಷ್ಟೊಂದು ಸತ್ತಿರ್ಲಿಲ್ಲ.

"ಹೊರಡೋ ಮುಂಚೆ ಸೋರ್ತಿದೆಯಾ ಅಂತ ನೋಡಿದೆ. ಎರಡೇ ಎರಡು ಸಲ ಊದಿದ್ದು. ನನ್ನ ಹಸಿರು ಮೂತಿ ನೋವಿಗೆ ಕಚ್ಚಿ ಕಚ್ಚಿ ಸೀಳಿ ಹೋಗಿತ್ತು. ಹಳದೀಲೇ ಊದಿದೆ. ಒರೆಸಿದ್ದೆ ಇಬಿ. ಅಂಗೀಲಿ."

"ಲವಂಗದ ವಾಸನೆ ಬರ್ಲಿಲ್ವಾ ನಿಮ್ಗೆ?" ಕಿಂಚೊ ಕೇಳಿದ್ಲು.

"ಬಾಯಿ ತುಂಬ ಪಾಪ್ರಿಕಾ ಇತ್ತು," ಅಂದ್ಲು ಇಬೋಯ. ಅಳು ಬಂತು. ನಗು ಬಂತೇನೋ ಅಂತ ಬಾಚಿ ನಗೋಕೆ ಹೊರಟು, ನೋಡಿ, ನಿಲ್ಲಿಸಿದ್ರು.

"ಅಲ್ರೀ, ಅರ್ಧ ಗಂಟೆ ಮರಗಟ್ಟಿಸೋ ಮುಲಾಮು ಚೀಪ್ತಾ ಕೂತಿದ್ರೆ ತುಟಿ ಇನ್ನೇನಾಗುತ್ತೆ. ಹೆದರಿ ದಬದಬ ಉಸಿರಾಡಿದ್ರೆ ಬೆರಳೂ ಜುಮ್ಮನ್ನುತ್ತೆ," ಅಂದ್ಲು ಕಿಂಚೊ. ಬಾಚಿ ಆಗ್ಲೇ ಕುರ್ಚಿ ತಿರುಗಿಸಿ ಹೊರಡೋ ಅಂದಾಜಲ್ಲಿದ್ರು. ಅವಳು ಕೈ ಅಡ್ಡ ಮಾಡಿದ್ಲು. "ಎಲ್ಲಿಗೆ? ತುಟಿಗೆ ಮುಲಾಮು ಕಾರಣ ಅಂದ ಮಾತ್ರಕ್ಕೆ ನೀಲಿ ನಳಿಕೆ ಹೀರಿಲ್ಲ ಅಂತ ಯಾರು ಹೇಳಿದ್ರು? ತೆಳು ಮಾಡಿದ್ದು ಸರಿ ಇದೆ ಅನ್ನೋದು ಹಲ್ಲು ನೋವಿದ್ದ ಮನುಷ್ಯನ ಮಾತು. ಏಳು ಗಂಟೆ ತನಕ ಇಲ್ಲೇ ಇರ್ಬೇಕು."

ಅಷ್ಟು ಹೊತ್ತು ಕಡಿಮೆ ಆಗ್ತಿದ್ದ ಭಯ ಮತ್ತೆ ಬಂದು ಹಾಸಿಗೆ ಅಂಚಲ್ಲಿ ಕೂತ್ಕೊಂತು. ಮೊದಲಿನ ಭಯಕ್ಕೆ ಕೆಲಸ ಇತ್ತು, ಓಡೋದಿತ್ತು, ಕೂಗೋದಿತ್ತು. ಇದಕ್ಕೆ ಕಾಯೋದೊಂದೇ. ನಿಮಿಷಕ್ಕೊಂದ್ಸಲ ಅವಳು ಹೆಬ್ಬೆರಳು ಅಲ್ಲಾಡಿಸಿ ನೋಡ್ತಿದ್ಲು. ಅಲ್ಲಾಡ್ತಿತ್ತು. ಅಲ್ಲಾಡಿತು ಅಂದ ತಕ್ಷಣ, ಇದೇ ಕೊನೇ ಸಲ ಇರ್ಬಹುದು ಅನ್ನಿಸ್ತಿತ್ತು.

ಪರದೆ ಆಚೆ ಹಾಸಿಗೇಲಿ ಒಬ್ಬ ಮುದುಕಿ ಇದ್ಲು. ರೋಜಾಲಿಯಾ ನೇನಿ ಅಂತ ನರ್ಸ್ ಕರೀತಿದ್ಲು, ನೇನಿ ಅಂದ್ರೆ ಅತ್ತೆ ಅಂದ ಹಾಗೆ. ಮಣಿಕಟ್ಟು ಮುರಿದಿತ್ತು, ನಾಲಗೆ ಮುರಿದಿರ್ಲಿಲ್ಲ. ಪರದೆಗೋ ಛಾವಣಿಗೋ ಹೇಳೋ ಹಾಗೆ ಒಂದೇ ಸಮ ಹೇಳ್ತಿದ್ಲು. ನವೆಂಬರಿನ ಮಾರ್ಟಿನ್ ಹಬ್ಬದ ಊಟಕ್ಕೆ ಅಂತ ಕೊಬ್ಬಿಸಿದ್ದ ಹೆಬ್ಬಾತು, ಅದು ಬೇಲಿ ಹಾರಿ ಪಕ್ಕದ ಮನೆ ಸೇರಿದ್ದು, ಪಕ್ಕದ ಮನೆಯವಳು "ನನ್ನದೇ ಬಾತು" ಅಂತ ಹೂಂಕರಿಸಿದ್ದು.

ಐದೂವರೆಗೆ ಇಬೋಯಳ ಫೋನ್ ಬಡೀತು. ಬಾಚಿ. ಅವರೂ ತಿಹಾಮೇರೂ ಪ್ರಯೋಗಶಾಲೆಗೆ ವಾಪಸ್ ಹೋಗಿದ್ರು.

"ವಿಷದ ಸೂಜಿ ಹಾಗೇ ನಿಂತಿತ್ತು," ಅಂದ್ರು. "ಮೇಜು ಅಲ್ಲಾಡಿದ್ರೂ ಅದಕ್ಕೇನೂ ಆಗಿಲ್ಲ. ಲೆನ್ಸಲ್ಲಿ ಅಳೆದ್ವಿ. ತಿಹಾಮೇರ್ ತುಂಬಿದಾಗ ಗುರುತು ಹಾಕಿದ್ದನಂತೆ. ಗುರುತಿಗಿಂತ ಕೂದಲಷ್ಟು ಕೆಳಗಿದೆ, ನೀನು ಊದಿದ್ದಷ್ಟೆ. ಹೀರಿದ್ರೆ ಮೇಲಕ್ಕೆ ಹೋಗಿ ನಳಿಕೆ ಒದ್ದೆ ಆಗಿರ್ತಿತ್ತು. ನಳಿಕೆ ಒಳಗೆ ಒಣಗಿದೆ. ನೀನು ಹೀರಿದ್ದು ಹಳದಿ, ಇಬಿ. ಡಾಕ್ಟರಿಗೂ ಹೇಳಿದೀನಿ."

"ಹ್ಞೂಂ."

"ಕಿಡಿ ಹೋಗಿದ್ದೂ ವಾಪಸ್ ಬಂದಿದ್ದೂ ಎರಡೂ ದಾಖಲಾಗಿದೆ. ನೀನು ಎದ್ದು ಹೋದ ಮೇಲೂ ಯಂತ್ರ..."

"ಇವತ್ತು ಬೇಡ ಬಾಚಿ."

ಬಾಚಿ ಧ್ವನಿ ತಗ್ಗಿಸಿದ್ರು.

"ಇಬಿ, ನೀನು ಮಾಡಿದ್ದ ಫೋನ್ ನಾನು ಇಟ್ಟುಬಿಟ್ಟೆ ಅಲ್ವಾ."

"ಇಟ್ರಿ."

ಸಮಾಧಾನ ಹೇಳೋ ಮಾತು ಅವಳ ಬಾಯಿಗೆ ಬಂತು. ತುಟಿ ಈಗ ಪೂರ್ತಿ ಅವಳದ್ದೇ ಆಗಿತ್ತು, ಹೇಳಬಹುದಿತ್ತು. ಹೇಳ್ಲಿಲ್ಲ. ತಾನೂ ಕೂತಿದ್ದೆನಲ್ಲ, ಆರು ನಿಮಿಷಕ್ಕೆ ಅಂತ. ಯಾರನ್ನ ಯಾರು ಸಮಾಧಾನ ಮಾಡೋದು.

"ಮಲಕ್ಕೋ ಮರಿ," ಅಂದ್ರು ಬಾಚಿ. ಈ ಸಲ ಅವಳು ಇಡೋ ತನಕ ಕಾದ್ರು.

ಏಳಕ್ಕೆ ಡಾಕ್ಟರ್ ಕಿಂಚೊ ಬಂದು ತಂತಿ ಬಿಚ್ಚಿದ್ಲು, ಕಣ್ಣಿಗೆ ದೀಪ ಬಿಟ್ಲು, ಕೆನ್ನೆ ಉಬ್ಬಿಸೋಕೆ ಹೇಳಿದ್ಲು. ಗಾಳಿ ಸೋರ್ಲಿಲ್ಲ. "ಮೀನು ವಿಷ ಏನೂ ಇಲ್ಲ. ಮನೆಗೆ ಹೋಗ್ಬಹುದು. ನಾಳೆ ಕೆಲಸಕ್ಕೆ ಹೋಗ್ಬೇಡಿ."

ಇಬೋಯ ಕೋಟು ಹಾಕ್ಕೊಂಡ್ಲು. ಒಂದು ತೋಳು ಹಾಕಿದ್ಲು, ಇನ್ನೊಂದಕ್ಕೆ ಕೈ ಹೋಗ್ಲಿಲ್ಲ. ಮನೆ ಕಣ್ಣಿಗೆ ಬಂತು. ಐದನೇ ಮಹಡಿ, ಒಂದೇ ಕೋಣೆ, ಗಟ್ಟಿ ಬಾಗಿಲು. ಬೀಗ ಹಾಕ್ಕೊಂಡ್ರೆ ಪಕ್ಕದ ಮನೆ ಟೀವಿಯೂ ಕೇಳ್ಸಲ್ಲ. ಅದಕ್ಕೆ ಅಂತಲೇ ಹುಡುಕಿ ಹುಡುಕಿ ಹಿಡಿದಿದ್ದ ಮನೆ ಅದು. ಅಲ್ಲಿಂದ ಕೂಗಿದ್ರೂ ಯಾರಿಗೂ ಕೇಳ್ಸಲ್ಲ.

ಪರದೆ ಆಚೆ ಧ್ವನಿ ಇನ್ನೂ ನಡೀತಿತ್ತು. "...ಅವಳು ಗೇಟಿಗೆ ಬೆನ್ನು ಕೊಟ್ಟು ನಿಂತ್ಲಾ, ನಾನು ಬಿಡ್ತೀನಾ, ಹಿತ್ತಲಿಂದ..." ಅಷ್ಟಕ್ಕೆ ನರ್ಸ್ ಮಾತ್ರೆ ಕೊಟ್ಲು, ಮುದುಕಿ ನುಂಗಿದ್ಲು. ಮಾತು ನಿಂತು ಹೋಯ್ತು. ಮಾತು ನಿಂತ ಮೇಲೆ ವಾರ್ಡು ಎಷ್ಟು ಸದ್ದಿಲ್ಲದೆ ಇದೆ ಅಂತ ಇಬೋಯಂಗೆ ಗೊತ್ತಾಯ್ತು.

ಒಂದೇ ತೋಳಿನ ಕೋಟಲ್ಲಿ ಪರದೆ ಸರಿಸಿ ಆಚೆ ಹೋದ್ಲು.

"ಹಿತ್ತಲಿಂದ ಏನಾಯ್ತು ನೇನಿ?"

ರೋಜಾಲಿಯಾ ನೇನಿ ಅವಳನ್ನ ಕೆಳಗಿಂದ ಮೇಲಕ್ಕೆ ನೋಡಿದ್ಲು. "ಓ, ನೀನಾ ಮಧ್ಯಾಹ್ನ ಕುರ್ಚಿ ಮೇಲೆ ಕೂಗಾಡ್ತಾ ಬಂದಿದ್ದು. ಇಡೀ ಕಾಡಿಗೆ ಕೇಳ್ಸೋ ಹಾಗೆ ಭಯ ಭಯ ಅಂತಿದ್ಯಲ್ಲ. ಹೋಗ್ಬಹುದು ಅಂದ್ಲಲ್ಲ ಆ ಕನ್ನಡಕದವಳು. ನಿಂಗೆ ಮನೆ ಇಲ್ವೇನೆ?"

"ಇದೆ. ನೀವು ಹೇಳಿ."

"ಹಾಗಾದ್ರೆ ನಿಂತಿದೀಯ ಯಾಕೆ, ಕತ್ತು ನೋಯುತ್ತೆ ನಂಗೆ." ಮುದುಕಿ ಪ್ಲಾಸ್ಟರ್ ಕೈಯನ್ನ ಎತ್ತಿ ಹೊಟ್ಟೆ ಮೇಲಿಟ್ಕೊಂಡು, ಹಾಸಿಗೆ ಅಂಚಲ್ಲಿ ಒಂದು ಮೊಳ ಜಾಗ ಮಾಡಿದ್ಲು. "ಹಿತ್ತಲಲ್ಲಿ ಅವಳ ಗಂಡ ಇದ್ದ. ಅವನ ವಿಷಯ ಮೊದಲು ಹೇಳ್ಬೇಕು. ಅವನು ಮೂಲತಃ ಹೋರ್ತೊಬಾಗಿ ಹುಲ್ಲುಗಾವಲಿನ ಕಡೆಯವನು, ಕುದುರೆ ಮೇಯಿಸ್ತಿದ್ದ. ಅವರಪ್ಪ..."

ಇಬೋಯ ಕೂತ್ಲು. ಇದು ತುಂಬ ಹೊತ್ತು ಹಿಡಿಯೋ ಹಾಗಿತ್ತು.